ಈರಕ್ಕನ ಮೇಕೆಯ ಕಿವಿ

ಮೇಕೆಯನ್ನು ತಂದು ಸಸಿಗೆ ಕಟ್ಟಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಅದೂ ನಾನೇ ನೆಟ್ಟು ನೀರು ಹೊತ್ತ ಹುಣಸೆ ಸಸಿಗೆ. ಹಗ್ಗದಲ್ಲಿ ಕಟ್ಟಿದ್ದೂ ಅಲ್ಲ, ನನ್ನ ಐಡಿ ಕಾರ್ಡಿನ ಪಟ್ಟಿಯಲ್ಲಿ. ಹಗ್ಗ ಕೊಡಿಗೇನಹಳ್ಳಿಯ ನಮ್ಮ ಆಫೀಸಿನ ಮೊಳೆಗೆ ನೇತಾಡುತ್ತ ಉಳಿದಿತ್ತು. ಇಂಥ ಬುದ್ಧಿವಂತ ಹೇಳುವುದನ್ನು ನೀವು ನಂಬಲೇಬೇಕೆಂದು ಒತ್ತಾಯವಿಲ್ಲ. ಯಾರಾದರೂ ಇಂಥದ್ದೊಂದು ಹೇಳಿದರೆ ಎಲ್ಲರಿಗಿಂತ ಮೊದಲು ಹಲ್ಲು ಕಿರಿಯುತ್ತಿದ್ದವನು ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮದು ಪುಟ್ಟ ಸಂಸ್ಥೆ. ಮಧುಗಿರಿ, ಪಾವಗಡದ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಒಂದು ಕೈಯಲ್ಲಿ ಸಸಿ ನೆಟ್ಟು, ಇನ್ನೊಂದು ಕೈಯಲ್ಲಿ ಮೇಕೆ ಹಂಚುತ್ತೇವೆ. ನಗಬೇಡಿ, ನಾವೂ ನಕ್ಕಿದ್ದೇವೆ.

ಆ ಸಲ ಮೇಕೆ ಹೋಗಬೇಕಾಗಿದ್ದುದು ಈರಕ್ಕನಿಗೆ. ಗಂಡ ತೀರಿಕೊಂಡಿದ್ದ. ಅವನ ಹಿಂದೆಯೇ ರೋಗ ಬಂದು ಮೇಕೆಗಳೂ ಹೋಗಿದ್ದವು. "ಮೇಕೆ ಹಿಂದೆ ನಡ್ದಿರೋ ಕಾಲು ಕಣಪ್ಪ, ಕೂರು ಅಂದ್ರೆ ಕೂರಕಿಲ್ಲ. ಒಂದು ತಂದ್ಕೊಟ್ರೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಮಗಳ ಮನೆ ಮೂಲೆನೇ ಗತಿ" ಅಂದಿದ್ದಳು. ಒಂದು ಷರತ್ತೂ ಹಾಕಿದ್ದಳು. ಕಿವಿ ಕುಯ್ದಿರುವ ಮೇಕೆ ತರಬಾರದು. ಹಟ್ಟಿಯಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು. ಮರಿಯ ಕಿವಿಯನ್ನು ಆ ಥರ ಕುಯ್ದುಬಿಟ್ಟರೆ ಮಂದೆಯಲ್ಲಿ ಎಲ್ಲಿ ಬೆರೆತರೂ ಅದು ಆ ಮನೆಯದೇ. ಈರಕ್ಕನ ಮನೆಯದು ಬಲಗಿವಿಯ ತುದಿ ಸೀಳಿ, ಕೆಳಗೊಂದು ಸಣ್ಣ ಕಚ್ಚು. ತುಟಿಯಲ್ಲಿ ಬೀಡಿ ಕಚ್ಚಿಕೊಂಡು ಅದನ್ನು ಕುಯ್ಯುತ್ತಿದ್ದವನು ಅವಳ ಗಂಡ.

"ಇನ್ನು ಕುಯ್ಯೋರು ಯಾರು?" ಅಂದಳು.

"ನಾನೇ ಕುಯ್ತೀನಿ ಬಿಡಕ್ಕ" ಅಂದೆ.

ಅವಳು ನನ್ನ ಕೈಯನ್ನೇ ನೋಡಿದಳು. "ನೀನು ಕುಯ್ದ್ರೆ ಆಮೇಲೆ ಕಿವಿ ಎಲ್ಲಿ, ಮೇಕೆ ಎಲ್ಲಿ ಅಂತ ಹುಡುಕ್ಬೇಕಾಯ್ತದೆ."

ಹಾಗಾಗಿ ಪಾವಗಡದ ಸಂತೆಯಲ್ಲಿ ಆ ಗಬ್ಬದ ಮೇಕೆಯ ಎರಡೂ ಕಿವಿಯನ್ನು ಮಡಿಸಿ, ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿದ್ದೆ. "ಏಮಪ್ಪಾ, ಓಲೆ ಏನಾರ ಹಾಕುಸ್ತೀಯಾ?" ಎಂದು ಮಾರುವವನು ಕೇಳಿದ. ಸುತ್ತ ನಿಂತವರೆಲ್ಲ ನಕ್ಕರು. ಎರಡೂ ಕಿವಿ ವೀಳ್ಯದೆಲೆಯ ಹಾಗೆ ನುಣ್ಣಗಿದ್ದವು. ಇದೊಂದನ್ನು ಮಾತ್ರ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಹಟ್ಟಿಯ ಕಾಲುದಾರಿ ಶುರುವಾಗುವಲ್ಲಿ ಆಟೋ ನನ್ನನ್ನೂ ಮೇಕೆಯನ್ನೂ ಇಳಿಸಿ ಹೋಯಿತು. ದಾರಿಯಲ್ಲಿ ದನಕರು ನೀರು ಕುಡಿಯಲೆಂದು ನಮ್ಮ ಸಂಸ್ಥೆ ಹೂಳೆತ್ತಿಸಿದ್ದ ಗೋಕಟ್ಟೆ ಸಿಕ್ಕಿತು. ಆಫೀಸಿಗೆ ಅದರ ಫೋಟೋ ಬೇಕಿತ್ತು. ಮೇಕೆಯನ್ನು ಸಸಿಗೆ ಕಟ್ಟಿ, ಏರಿ ಹತ್ತಿ, ಗೋಕಟ್ಟೆಯದೊಂದು ಫೋಟೋ, ನನ್ನವು ಒಂದಷ್ಟು ಫೋಟೋ ತೆಗೆದೆ. ತಿರುಗಿ ಬಂದಾಗ ನೆಲದ ಮೇಲೆ ಒಂದು ಮೋಟು ಕಡ್ಡಿ ಉಳಿದಿತ್ತು. ಸಸಿ ಮೇಕೆಯ ಹೊಟ್ಟೆಯಲ್ಲಿತ್ತು. ಮೇಕೆ ನನ್ನ ಐಡಿ ಕಾರ್ಡಿನ ಸಮೇತ ಗುಡ್ಡ ಸೇರಿತ್ತು.

ಹೊತ್ತು ಇಳಿಯುವವರೆಗೂ ಹುಡುಕಿದೆ. ಮೇಕೆಯ ಹಾಗೆ ಕೂಗಿದೆ, ಹೋತದ ಹಾಗೂ ಕೂಗಿದೆ. ಬಂಡೆಯಿಂದ ಜಾರಿ ಪ್ಯಾಂಟು ಹರಿಯಿತು. ಕೊನೆಗೆ ಕೂಗಲು ದನಿಯೂ ಉಳಿಯಲಿಲ್ಲ. ಈರಕ್ಕ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೊರಡುವುದು ಕಣ್ಣ ಮುಂದೆ ಬಂದು, ಕೂತಲ್ಲೇ ಅಳು ಬಂತು.

ಆಗ ಬಂಡೆಗಳ ಸಂದಿಯಿಂದ ಮೇಕೆ ತಾನಾಗಿಯೇ ಇಳಿದು ಬಂತು. ಕೊರಳಲ್ಲಿ ನನ್ನ ಫೋಟೋ. ಯಾರೋ ಅಟ್ಟಿಕೊಂಡು ಬರುತ್ತಿರುವ ಹಾಗೆ ದಾರಿಯ ಅಂಚು ಹಿಡಿದು, ಆಗಾಗ ಹಿಂದಿರುಗಿ ನೋಡುತ್ತ ಬಂತು. ಹಿಂದೆ ಯಾರೂ ಇರಲಿಲ್ಲ. ಬೀಡಿಯ ವಾಸನೆ ಬಂದ ಹಾಗಾಯಿತು. ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಬೆಲ್ಟು ಬಿಚ್ಚಿ ಮೇಕೆಗೆ ಹಾಕಿದೆ. ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ಹಟ್ಟಿ ಸೇರಿದೆ.

ಈರಕ್ಕ ಮುಳ್ಳುಬೇಲಿಯ ಹತ್ತಿರ ಕಾಯುತ್ತಿದ್ದಳು. ನನ್ನ ಅವತಾರ ನೋಡಿ ನಗುತ್ತ ಮೇಕೆಯ ಬಲಗಿವಿ ಹಿಡಿದವಳು ನಗು ನಿಲ್ಲಿಸಿದಳು.

"ಇದ್ನ ಕುಯ್ದೋರು ಯಾರು?"

ಬಗ್ಗಿ ನೋಡಿದೆ. ಕಿವಿಯ ತುದಿ ಸೀಳಿತ್ತು, ಕೆಳಗೊಂದು ಸಣ್ಣ ಕಚ್ಚು. ರಕ್ತವಿಲ್ಲ, ಗಾಯವಿಲ್ಲ. ವರ್ಷಗಳ ಹಿಂದೆ ಮಾಡಿ ಮಾಗಿದ್ದರ ಹಾಗೆ ಅಂಚಿನಲ್ಲಿ ರೋಮ ಬೆಳೆದಿತ್ತು.

ಮೇಕೆ ಬದಲಾಯಿತೆನ್ನಲು ಅದರ ಕೊರಳಲ್ಲಿ ನಾನೇ ಇದ್ದೆ. ಸಂತೆಯಲ್ಲಿ ಸರಿಯಾಗಿ ನೋಡಲಿಲ್ಲವೆನ್ನಲು ಅಷ್ಟು ಜನ ನಕ್ಕಿದ್ದಾರೆ. ಆಫೀಸಿನಲ್ಲಿ ಹೇಳಿದಾಗ "ಬಿಸಿಲಿಗೆ ತಲೆ ಕೆಟ್ಟಿದೆ" ಅಂದರು. ನನಗೂ ಅದಕ್ಕಿಂತ ಒಳ್ಳೆಯ ವಿವರಣೆ ಇವತ್ತಿಗೂ ಸಿಕ್ಕಿಲ್ಲ.

ಈರಕ್ಕ ಹಟ್ಟಿ ಬಿಡಲಿಲ್ಲ. ಮೇಕೆ ಅವಳಿ ಮರಿ ಹಾಕಿದಾಗ ನೋಡಲು ಹೋಗಿದ್ದೆ. ಒಂದು ಮರಿ ನನ್ನ ಮಡಿಲಲ್ಲಿ ಕೂತು ಅಂಗಿಯ ಗುಂಡಿ ಚೀಪುತ್ತಿತ್ತು. ಕಿವಿಯ ವಿಷಯ ಏನನ್ನಿಸುತ್ತದೆಂದು ಮೆಲ್ಲಗೆ ಕೇಳಿದೆ. ಅವಳು ಹಾಲು ಹಿಂಡುವುದು ನಿಲ್ಲಿಸಲಿಲ್ಲ.

"ಬದುಕಿದ್ದಾಗ ಆವಪ್ಪಂಗೆ ಕಿವಿ ಕುಯ್ಯಿ ಕುಯ್ಯಿ ಅಂತ ತಿಂಗ್ಳುಗಟ್ಲೆ ಬಡ್ಕೋಬೇಕಿತ್ತು. ಈಗ ನೋಡು, ಯೋಳೋಕ್ ಮುಂಚೆನೇ ಮಾಡವ್ನೆ. ಇರ್ಲಿ, ಮರಿಗಳದ್ದೂ ಅವ್ನೇ ನೋಡ್ಕಳ್ಳಿ. ನೀನು ಮಾತ್ರ ಅವನ್ನ ತಗಂಡೋಗಿ ಸಸಿಗೆ ಕಟ್ಬ್ಯಾಡ."