ದಾಳದ ಮೈಮೇಲೆ ಇಲ್ಲದ ಎರಡು

ಹುಣಸೆಹುಳಿ ಹಚ್ಚಿ ಹಿತ್ತಾಳೆ ತಿಕ್ಕಿದಾಗ ಕೈಗೆ ಒಂದು ವಾಸನೆ ಹತ್ತುತ್ತದಲ್ಲ, ಹುಳಿ, ಬೂದಿ, ಲೋಹ ಮೂರೂ ಕಲೆತದ್ದು, ಅದು ಸೋಪು ಹಾಕಿ ತೊಳೆದರೂ ಸಂಜೆತನಕ ಬಿಡುವುದಿಲ್ಲ. ಈ ಸಲ ದೀಪಾವಳಿ ಪಾಡ್ಯದ ಮುಂಜಾನೆ ಆದೋನಿಯ ನಮ್ಮ ಮನೆಯ ಬಚ್ಚಲಲ್ಲಿ ಕೂತು ಎರಡು ಪಗಡೆ ದಾಳ ತಿಕ್ಕುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಗಲದಿನ್ನೆಯ ತಾತನ ಮನೆಯ ಹಿತ್ತಲು ಕಣ್ಣಮುಂದೆ ಬಂದು ನಿಂತಿತು. ಬೇವಿನ ಮರ, ಕಲ್ಲಿನ ಬಾನಿ, ಬಾನಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಇವೇ ದಾಳಗಳನ್ನು ತಿಕ್ಕುತ್ತಿದ್ದ ಅವ್ವ. ಅವ್ವ ಅಂದರೆ ನಮ್ಮ ಕಡೆ ಅಜ್ಜಿ. ಆ ಮನೆ ಕೈಬಿಟ್ಟು ಬಹಳ ಕಾಲವಾಯಿತು. ಗೋಡೆ ಕೆಡವಿ ಈಗ ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಾರಂತೆ. ಹಾಕಲಿ ಬಿಡ್ರಿ. ಮನೆ ಹೋಯಿತಲ್ಲ ಅಂತ ನನಗೆ ಸಂಕಟವಾಗುವುದು ನಿಜ, ಆದರೆ ತುಂಗತ್ತಿಯ ನೆನಪಾದರೆ ಸಂಕಟದ ಜೊತೆಗೆ ಇವತ್ತಿಗೂ ಸಿಟ್ಟು ಬರುತ್ತದೆ.

ತುಂಗತ್ತಿ ನನ್ನ ಅಪ್ಪನ ತಂಗಿ. ಹದಿನೇಳಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು ಅಲ್ಲೇ ಉಳಿದಳು. ರೊಟ್ಟಿ ಬಡಿಯುವುದರಿಂದ ಹಿಡಿದು ಎಮ್ಮೆ ಹಿಂಡುವತನಕ ಆಕೆಯ ಕೈ ಮುಟ್ಟದ ಕೆಲಸವಿರಲಿಲ್ಲ, ಆದರೆ ಹಬ್ಬದ ದಿನ ಆಕೆ ಪಡಸಾಲೆಗೆ ಬರುವ ಹಾಗಿರಲಿಲ್ಲ. ಪಾಡ್ಯದ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಕೆಂಪು ಬಟ್ಟೆಯ ಪಗಡೆ ಹಾಸು ಬಿಚ್ಚುತ್ತಿದ್ದರು. ಶಿವ ಪಾರ್ವತಿ ಆಡಿದ ದಿನ ಅದು. ಆಡದಿದ್ದರೆ ವರ್ಷ ಒಳ್ಳೆಯದಾಗುವುದಿಲ್ಲ ಅಂತ ತಾತನ ನಂಬಿಕೆ. ತಾತನ ಎದುರು ಮೊಮ್ಮಕ್ಕಳಲ್ಲಿ ಹಿರಿಯದು ಕೂಡಬೇಕು, ಗೆದ್ದವರು ಒಂದು ಕೇಳಬೇಕು, ಸೋತವರು ಇಲ್ಲವೆನ್ನಬಾರದು. ಇದು ಆ ಮನೆಯ ಪದ್ಧತಿ. ಗಂಡನಿಲ್ಲದವಳು ಮಾತ್ರ ಆ ದಾಳ ಮುಟ್ಟಬಾರದು. ಹಾಗಾಗಿ ತುಂಗತ್ತಿ ಅಡಿಗೆಮನೆಯ ಬಾಗಿಲಸಂದಿಯಿಂದ ಹಾಸು ನೋಡುತ್ತಿದ್ದಳು, ತಾತ ಕೂಗುವ ಎಣಿಕೆ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲೇ ಇಡೀ ಆಟ ಕಲಿತಿದ್ದಳು. ಒಮ್ಮೆ ನನ್ನ ಜಡೆ ಹಾಕುತ್ತಾ, ಒಂದು ಸಲ ಆ ದಾಳ ಕೈಯಲ್ಲಿ ಹಿಡಿದು ಆಡಬೇಕು ಅಂತ ತನಗೆ ಆಸೆ ಇದೆ ಅಂದಳು. ಆಕೆ ಏನನ್ನಾದರೂ ಬಯಸಿ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೊಂದೇ. ಆಂಧ್ರ ಬೇರೆ ರಾಜ್ಯವಾದ ಹೊಸತು. ನನಗೆ ಹತ್ತು ವರ್ಷ. ತಾತನನ್ನು ಗೆದ್ದು ಅದನ್ನೇ ಕೇಳುತ್ತೇನೆ ಅಂತ ಅವತ್ತೇ ಹಟ ಹಿಡಿದೆ.

ಆ ದಸರಾ ರಜೆಯಲ್ಲಿ ತಾತ ಮಲಗಿದ ಮೇಲೆ ನಮ್ಮ ಶಾಲೆ ಶುರುವಾಗುತ್ತಿತ್ತು. ಅಡಿಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಮನೆಗಳನ್ನು ಬರೆದು, ನನ್ನ ಬಳೆಚೂರುಗಳನ್ನು ಕಾಯಿ ಮಾಡಿ, ಒಂದು ಮೈ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ ಎಸೆಯುತ್ತಿದ್ದೆವು. ಎಷ್ಟು ಬೆಳ್ಳಗೆ ಬಿದ್ದವೋ ಅಷ್ಟು ಎಣಿಕೆ. ಆಟದ ಗುಟ್ಟೆಲ್ಲ ಮೊದಲ ಎರಡು ಮೂರು ನಡೆಯಲ್ಲಿದೆ ಅನ್ನುತ್ತಿದ್ದಳು ಆಕೆ. ತಾತ ಶುರುವಿಗೇ ಒಂದು ಕಾಯಿಯನ್ನು ದಡದಡ ಓಡಿಸುತ್ತಿದ್ದ. ಅದು ತಪ್ಪು ಅಂತ ಆಕೆಯ ವಾದ.

"ಒಂಟಿ ಕಾಯಿನ ಯಾರರ ಬಂದು ಕಡೀತಾರ ಪದ್ದಿ. ಜೋಡಿ ಕಟ್ಟು. ಜೋಡಿನ ಒಂಟಿ ಕಾಯಿ ಮುಟ್ಟಂಗಿಲ್ಲ," ಅನ್ನುತ್ತಿದ್ದಳು.

ಅದಕ್ಕೆ ಆಕೆ ಕಲಿಸಿದ ದಾರಿ ಹೀಗೆ: ಮೊದಲು ಎರಡು ಕಾಯಿಗಳನ್ನು ಎರಡು ಮನೆ ಅಂತರದಲ್ಲಿ ಇಡು, ಎರಡು ಬಿದ್ದ ಕೂಡಲೇ ಹಿಂದಿನದನ್ನು ಮುಂದಿನದಕ್ಕೆ ಸೇರಿಸು. ಬೀಜದಲ್ಲಿ ಎರಡು ಮೇಲಿಂದ ಮೇಲೆ ಬೀಳುತ್ತಿತ್ತು. ನಾನು ಕಣ್ಣುಮುಚ್ಚಿ ಆಡುವಷ್ಟು ಕಲಿತೆ.

ಪಾಡ್ಯದ ದಿನ ತಾತನ ಎದುರು ಕೂತು ದಾಳ ಹಾಕಿದೆ. ಮೂರು, ಒಂದು. ಒಂದೊಂದು ದಾಳಕ್ಕೆ ಒಂದೊಂದು ಕಾಯಿ ನಡೆಸಬಹುದು. ಹೇಳಿಕೊಟ್ಟಂತೆ ಒಂದನ್ನು ಮೂರನೆಯ ಮನೆಯಲ್ಲಿ, ಇನ್ನೊಂದನ್ನು ಒಂದನೆಯ ಮನೆಯಲ್ಲಿ ಇಟ್ಟು ಎರಡಕ್ಕೆ ಕಾದೆ. ಆರು ಬಿತ್ತು, ನಾಲ್ಕು ಬಿತ್ತು, ಮತ್ತೆ ಆರು ಬಿತ್ತು. ಎರಡು ಬೀಳಲಿಲ್ಲ. ತಾತ ಎರಡೂ ಕಾಯಿ ಕಡಿದು, ಯಾವ ಎಣಿಕೆಗೆ ಕಾಯುತ್ತೀ ಅಂತ ಕೇಳಿದ. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, ದಾಳ ತಿರುವಿ ನೋಡು ಹುಚ್ಚಿ ಅಂದ. ತಿರುವಿದೆ. ನಾಲ್ಕು ಮೈ, ಒಂದು, ಮೂರು, ನಾಲ್ಕು, ಆರು. ಎರಡು ಇರಲೇ ಇಲ್ಲ! ಅಪರೂಪಕ್ಕೆ ಎರಡೂ ದಾಳ ಒಂದೊಂದು ಬಿದ್ದರೆ ಅದನ್ನು ದುಗ ಅನ್ನುತ್ತಾರೆ. ತುಂಗತ್ತಿ ಒಳಗಿನಿಂದ ಕೇಳುತ್ತಿದ್ದದ್ದು ಆ ದುಗ. ಗೆದ್ದ ತಾತ ಎಂಟು ದಿನ ಕಾಲು ಒತ್ತಬೇಕು ಅಂದ. ಒತ್ತಿದೆ, ಹಲ್ಲು ಕಚ್ಚಿಕೊಂಡು.

ಅಡಿಗೆಮನೆಗೆ ಹೋಗಿ ಇದ್ದಿಲಿನಲ್ಲಿ ದಾಳದ ನಾಲ್ಕು ಮೈ ಬರೆದು ತೋರಿಸಿದೆ. ಆಕೆ ಚುಕ್ಕೆಗಳ ಮೇಲೆ ಬೆರಳಾಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ.

"ನೋಡವಾ, ಇಷ್ಟು ವರ್ಷ ಇಲ್ಲದ ಎರಡಕ್ಕ ಕಾದೀನಿ ನಾ," ಅಂದಳು.

ಅಂದು ಸೆರಗು ಕಣ್ಣಿಗೆ ಒತ್ತಿಕೊಂಡಳು. ಆದರೆ ಅಳುತ್ತಾ ಕೂಡುವ ಜಾತಿಯಲ್ಲ ಆಕೆ. ಮರುದಿನವೇ ಜೋಳದ ದಂಟಿನ ಬೆಂಡು ಚೌಕವಾಗಿ ಕೆತ್ತಿ, ಮಸಿಚುಕ್ಕೆ ಇಟ್ಟು ಎರಡು ದಾಳ ಮಾಡಿದಳು. ಆ ವರ್ಷ ರಜೆ ಬಂದಾಗಲೆಲ್ಲ ನಾವು ಕಲಿತದ್ದನ್ನೆಲ್ಲ ಅಳಿಸಿ ಮತ್ತೆ ಕಲಿತೆವು. ಮೂರು-ಒಂದು ಬಿದ್ದರೆ ಒಂದೇ ಕಾಯಿ ನಾಲ್ಕು ಮನೆ ನಡೆಸು. ನಾಲ್ಕು-ಒಂದು ಬಿದ್ದರೆ ಎರಡು ಕಾಯಿ ಇಳಿಸು; ಮೂರು ಮನೆ ಅಂತರ ಉಳಿಯುತ್ತದೆ, ಮೂರು ದಾಳದಲ್ಲಿದೆ. ಜೋಡಿ ಮೂರು ಬಿದ್ದರೆ ದೇವರು ಕಣ್ಣು ಬಿಟ್ಟ ಅಂತ ತಿಳಿ, ಎರಡನ್ನೂ ಒಟ್ಟಿಗೆ ಕೂಡಿಸು. ಬೆಂಡಿನ ದಾಳ ಸವೆದಾಗ ಹೊಸದು ಕೆತ್ತುತ್ತಿದ್ದಳು.

ಮರುವರ್ಷದ ಪಾಡ್ಯಕ್ಕೆ ನಾನು ಗೆದ್ದೆ. ಮೂರನೆಯ ಎಸೆತಕ್ಕೇ ಜೋಡಿ ಕಟ್ಟಿದೆ. ತಾತನ ಓಡುವ ಕಾಯಿಯನ್ನು ಎರಡು ಸಲ ಕಡಿದೆ. ಅಪ್ಪ, ಅಮ್ಮ ಕಂಬಕ್ಕೆ ಆತುಕೊಂಡು ನೋಡುತ್ತಿದ್ದರು. ತಾತ ಖುಷಿಯಿಂದಲೇ, ಏನು ಬೇಕು ಕೇಳು, ಕಾಲ್ಗೆಜ್ಜೆಯೋ ರೇಷ್ಮೆ ಲಂಗವೋ ಅಂದ.

"ಮುಂದಿನ ಆಟ ತುಂಗತ್ತಿ ಆಡಬೇಕು. ನಿನ್ನ ಎದುರು, ಈ ದಾಳದಾಗ," ಅಂದೆ.

ಸಾಕು, ಬೇರೆ ಏನರ ಕೇಳು ಅಂದ ತಾತ. ನಾನು ಕೇಳಲಿಲ್ಲ. ಅಮ್ಮ ಕಣ್ಣು ಬಿಟ್ಟು ಹೆದರಿಸಿದಳು; ಅಪ್ಪ ನೆಲ ನೋಡಿದ. ಸೋತವರು ಇಲ್ಲವೆನ್ನಬಾರದು ಅಂತ ನೀನೇ ಮಾಡಿದ ಪದ್ಧತಿ ತಾತಾ ಅಂದೆ. ಆತ ಹೆಗಲಿಗೆ ಟವೆಲ್ಲು ಹಾಕಿಕೊಂಡು ಎದ್ದು ಹೊಳೆಯ ಕಡೆ ನಡೆದುಬಿಟ್ಟ. ಅಷ್ಟು ದೊಡ್ಡ ಮನುಷ್ಯ ಹನ್ನೊಂದು ವರ್ಷದ ಹುಡುಗಿಗೆ ಕೊಟ್ಟ ಮಾತು ತಪ್ಪಿ ಎದ್ದುಹೋದ. ನಾನು ಆತನನ್ನು ಪ್ರೀತಿಸಿದೆ, ಆತ ಸತ್ತಾಗ ಬಿಕ್ಕಿಬಿಕ್ಕಿ ಅತ್ತೆ, ಅದನ್ನು ಮಾತ್ರ ಕ್ಷಮಿಸಿಲ್ಲ.

ನಾನು ಹೋಗಿ ತುಂಗತ್ತಿಯ ಕೈ ಹಿಡಿದು ಎಳೆದುತಂದೆ. ಆಕೆ ಬಾಗಿಲು ದಾಟಿ ಬಂದು ಹಾಸಿನ ಮುಂದೆ ಕೂತಳು, ಎದುರಿನ ಜಾಗ ಖಾಲಿ. ಆಗ ಅವ್ವ, ಬದುಕಿನಲ್ಲಿ ಒಂದು ದಿನವೂ ಪಗಡೆ ಆಡದೆ ಬರೀ ದಾಳ ತಿಕ್ಕಿಕೊಟ್ಟ ಅವ್ವ, ಮಂಡಿ ಹಿಡಿದುಕೊಂಡು ನಿಧಾನಕ್ಕೆ ತಾತನ ಜಾಗದಲ್ಲಿ ಕೂತಳು.

"ಹಾಕ ತುಂಗಾ," ಅಂದಳು. "ನಾ ಕುಂತೀನಿ. ನನಗ ಬರಂಗಿಲ್ಲ, ನೀನ ಕಲಿಸು."

ದುಗ ಬಿತ್ತು ಅಂತ ಹೇಳಿದರೆ ಕೇಳುವವರಿಗೆ ಚೆಂದ. ಬೀಳಲಿಲ್ಲ. ನಾಲ್ಕು-ಒಂದು ಬಿತ್ತು. ಆಕೆ ಎರಡು ಕಾಯಿ ಇಳಿಸಿ, ನಡುವಿನ ಮನೆಗಳನ್ನು ತನ್ನ ತಾಯಿಗೆ ಬೆರಳಿಟ್ಟು ತೋರಿಸಿದಳು. ತಾತ ಎಂಟು ದಿನ ಅವ್ವನ ಜೊತೆ ಮಾತು ಬಿಟ್ಟ. ಅವ್ವ ಕ್ಯಾರೇ ಅನ್ನಲಿಲ್ಲ. ಆಮೇಲಿನ ಪಾಡ್ಯಗಳಲ್ಲಿ ತಾತನ ಆಟ ಮುಗಿದ ಮೇಲೆ ತಾಯಿ ಮಗಳು ಕೂಡುತ್ತಿದ್ದರು, ಆತ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದ.

ಅವರ್ಯಾರೂ ಈಗಿಲ್ಲ. ಹೋದ ಮಾಘದಲ್ಲಿ ನನ್ನ ಯಜಮಾನರೂ ಹೋದರು. ಮೊನ್ನೆ ನಾದಿನಿ ಫೋನು ಮಾಡಿ, ಈ ವರ್ಷ ಪಗಡೆ ತೆಗೆಯಬೇಡ್ರಿ ವೈನಿ, ಚೆಂದ ಕಾಣಂಗಿಲ್ಲ ಅಂದಳು. ಪಾಡ್ಯದ ಮುಂಜಾನೆ ದಾಳ ತಿಕ್ಕಲು ಹುಣಸೆಹಣ್ಣು ನೆನೆಹಾಕಿದೆ. ಊಟವಾದ ಮೇಲೆ ಹಾಸು ಬಿಚ್ಚಿ ಕೂತೆ. ಕೈ ಇನ್ನೂ ಹುಳಿ ನಾರುತ್ತಿತ್ತು. ಮೊಮ್ಮಗಳು ಎದುರಿಗೆ ಬಂದು, ಮೊದಲು ಯಾರದು ಅಜ್ಜಿ ಅಂತ ಕೇಳಿದಳು. ಮೊದಲ ದಾಳ ತುಂಗತ್ತಿದು ಅಂದೆ. ಅಂದು, ಹಾಕಿದೆ.