ಎರಡೂ ನಿಜವಾದರೆ ಮಾತ್ರ

ಇವತ್ತು ಮಗಳು ಶಾಲೆಯ ಕೋಡಿಂಗ್ ಪಾಠ ಮಾಡುತ್ತಿದ್ದಳು. ಎರಡು ಷರತ್ತುಗಳ ನಡುವೆ ‘ಮತ್ತು’ ಇರಬೇಕಾದಲ್ಲಿ ‘ಅಥವಾ’ ಹಾಕಿದ್ದಳು. ಒಂದು ಸುಳ್ಳಾದರೂ ಕಂಪ್ಯೂಟರ್ ‘ನಿಜ’ ಎನ್ನುತ್ತಿತ್ತು. ನನಗೆ ಕುಂದಾಪುರದಲ್ಲಿ ಹೊಳೆ ಕಡಲು ಸೇರುವ ಅಳಿವೆ ಬಾಯಿ ನೆನಪಾಯಿತು.

ಅಪ್ಪಯ್ಯನ ದೋಣಿ ಕಡಲಿನಿಂದ ಹೊಳೆಗೆ ನುಗ್ಗಬೇಕಾದರೆ ನೀರು ಏರಿರಬೇಕು, ಬಾಯಲ್ಲಿ ಅಲೆ ಒಡೆಯುವುದೂ ನಿಂತಿರಬೇಕು. ದೋಣಿಯಿಂದ ಅದು ಸರಿಯಾಗಿ ಕಾಣದು. ದಡದಿಂದ ನೋಡಿ, ಒಳಗೆ ಬರಬಹುದೆಂದು ಬಿಳಿ ಬಟ್ಟೆ ಬೀಸುವುದು ಅಮ್ಮನ ಮತ್ತು ನನ್ನ ಕೆಲಸ. ನನ್ನ ಬಾಲ್ಯದ ಒಂದು ದಿನ ಗಾಳಿ ಜೋರಿತ್ತು. ಅಪ್ಪಯ್ಯ ಹೊರಗೆ ಕಡಲಲ್ಲಿ ಕಾಯುತ್ತಲೇ ಇದ್ದರು. ನೀರು ಏರಿದ್ದು ಕಂಡದ್ದೇ ತಡ, ನಾನು ಬಟ್ಟೆ ಎತ್ತಿದೆ. ಅಮ್ಮ ನನ್ನ ಕೈ ಹಿಡಿದು ಕೆಳಗೆ ಎಳೆದರು.

“ಎಂತ ಮಾಡ್ತೆ ನೀನ್?”

“ನೀರ್ ಏರಿತಲ್ದಾ ಅಮ್ಮ?”

“ಒಂದೇ ಆರೆ ಆತಿಲ್ಲೆ. ಎರಡೂ ಆಯ್ಕ್.”

ಎರಡೂ ಆಗಬೇಕಿತ್ತು; ನಾನು ಅಲೆಯನ್ನು ನೋಡಿರಲೇ ಇಲ್ಲ. ಅಷ್ಟರಲ್ಲಿ ಅಳಿವೆ ಬಾಯಲ್ಲಿ ದೊಡ್ಡ ಅಲೆಯೊಂದು ಒಡೆಯಿತು. ನೊರೆಯ ಆಚೆ ದೋಣಿ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಅಲೆ ತಗ್ಗಿತು. “ಈಗ ಬೀಸ್,” ಎಂದರು ಅಮ್ಮ. ಅಪ್ಪಯ್ಯ ದಡ ಸೇರಿದರು.

ಇವತ್ತು ಅಪ್ಪಯ್ಯ ಮೊಮ್ಮಗಳ ಪಕ್ಕದಲ್ಲೇ ಕೂತಿದ್ದರು. ಆ ದಿನದ ಮಾತೆತ್ತಿದೆ.

“ನೀ ಬಟ್ಟಿ ಎತ್ತಿದ್ದ್ ಕಂಡೆ. ದೋಣಿ ಅಳಿವೆ ಬದಿಗ್ ತಿರ್ಸಿಯೂ ಆಯಿತ್ತ್. ಮತ್ ಬಟ್ಟಿ ಕೆಳ್ಗ್ ಇಳ್ತ್, ದೋಣಿ ಅಲ್ಲೇ ನಿಲ್ಸ್ದೆ,” ಎಂದರು.

ಇಷ್ಟು ವರ್ಷ ಅವರು ಅದನ್ನು ಅಮ್ಮನಿಗೂ ಹೇಳಿರಲಿಲ್ಲ.