ಕಡ್ಡಿ, ಮುಳ್ಳು, ಮಶೀನು

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ನಾನು ಜರಡಿ ಹಿಡಿಯುತ್ತಿದ್ದೆ. ಧೂಳಿಗೆ ಯಾರೂ ಅಂಜುತ್ತಿರಲಿಲ್ಲ; ಮೂಗಿಗೆ ಸೆರಗು ಕಟ್ಟಿಕೊಂಡು ಕೂಡುತ್ತಿದ್ದೆವು. ಆ ವರ್ಷ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿತು. ಸೊಸೆ ನನ್ನನ್ನು ಎಳೆದೊಯ್ದು ಡಾಕ್ಟರ ಮುಂದೆ ಕೂಡಿಸಿದಳು.

"ಉಸಿರಿನ ದಾರಿ ಕಟ್ಟಿದ್ರ ವಖಾರಿ ಬಿಡಬೇಕಾಗ್ತೈತಿ, ಆಯಿ. ಮೊದ್ಲ ನೋಡೂಣು," ಎಂದರು ಡಾಕ್ಟರು.

"ಬಿಡೂದಿಲ್ರಿ," ಎಂದೆ. ಗಂಡ ಸತ್ತ ಮೇಲೆ ನಾನು ಯಾರ ಮುಂದೆಯೂ ಕೈಚಾಚಿರಲಿಲ್ಲ.

ಅವರು ಬೆಂಕಿಕಡ್ಡಿ ಗೀರಿ ನನ್ನ ಬಾಯಿಂದ ಗೇಣು ದೂರ ಹಿಡಿದರು. ತುಟಿ ಕೂಡಿಸಿ ಊದಿದೆ. ಆರಿತು.

"ಹಂಗಲ್ಲ. ಬಾಯಿ ಅಗಲ ತಗದು ಊದ್ರಿ."

ಎಷ್ಟು ಊದಿದರೂ ಎರಡನೆಯ ಕಡ್ಡಿ ಅವರ ಬೆರಳು ಸುಡುವ ತನಕ ಉರಿಯಿತು.

ಆಮೇಲೆ, ಊದಿದರೆ ಉಸಿರಿನ ಜೋರು ತೋರಿಸಲು ಮುಳ್ಳು ಓಡುವ ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಕೊಳವೆ ಕಂಡರೆ ನನ್ನ ಬಾಯಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಹಸಿ ಕಟ್ಟಿಗೆ ಹೊತ್ತಿಸುವಾಗ ಊದುಗೊಳವೆಗೆ ನಾಲಿಗೆ ಅಡ್ಡ ಹಿಡಿದು, ಗಲ್ಲ ಉಬ್ಬಿಸಿ ಫಕ್ಕನೆ ಬಿಡುತ್ತೇವಲ್ಲ, ಹಾಗೇ ಬಿಟ್ಟೆ. ಮುಳ್ಳು ಮೇಲಕ್ಕೆ ಜಿಗಿಯಿತು.

"ನಿಮ್ಮ ಅತ್ತಿ ಭಾಳ ಗಟ್ಟಿ ಅದಾರ," ಎಂದು ಕಾಂಪೌಂಡರ್ ಸೊಸೆಯ ಕಡೆ ನೋಡಿ ನಕ್ಕ. ಡಾಕ್ಟರು ನಗಲಿಲ್ಲ. ಕಡ್ಡಿ ಒಂದು ಹೇಳುತ್ತಿತ್ತು, ಮುಳ್ಳು ಇನ್ನೊಂದು. ಮಿರಜಿನ ಆಸ್ಪತ್ರೆಯಲ್ಲಿ ಉಸಿರು ಅಳೆಯುವ ಮಶೀನಿಗೆ ಚೀಟಿ ಬರೆದರು.

"ಪಾಸಾಗೇನಿ, ಮತ್ಯಾಕ ಮಿರಜ?" ಎಂದೆ.

"ಹೌದಲ್ರಿ ಅತ್ತಿ, ಪಾಸಾಗೀರಿ. ಬಸ್‌ಸ್ಟ್ಯಾಂಡ್ ತನಕ ಓಡ್ರಿ ನೋಡೂಣು," ಎಂದಳು ಸೊಸೆ.

ಮಿರಜಿನಲ್ಲಿ ಮಶೀನು ನಡೆಸುವ ಹುಡುಗಿ ನನ್ನ ಮೂಗಿಗೆ ಚಿಮಟ ಹಾಕಿದಳು. ನಾನು ಗಲ್ಲ ಉಬ್ಬಿಸಿದ ಕೂಡಲೇ ಮರಾಠಿಯಲ್ಲಿ ಗದರಿದಳು. ಆ ಮಶೀನಿಗೆ ಒಂದು ಫಕ್ಕು ಸಾಲದು. ಎದೆ ಬರಿದಾಗುವವರೆಗೆ ಊದಬೇಕು.

"ಸೋಡಾ ಆಜಿ, ಅಜೂನ್ ಸೋಡಾ!" ಬಿಡು, ಇನ್ನೂ ಬಿಡು ಎಂದು ಕೂಗಿದಳು.

ಎಲ್ಲಿಂದ ಬಿಡಲಿ? ಕಣ್ಣು ಕತ್ತಲಿಟ್ಟಿತು. ಉಸಿರು ಒಳಗೇ ಇತ್ತು, ಹೊರಗೆ ಬರಲು ಒಲ್ಲೆನ್ನುತ್ತಿತ್ತು. ಔಷಧದ ಗಾಳಿಯನ್ನು ಬಾಯಿಂದ ಒಳಗೆ ಜಗ್ಗಿಸಿ, ಸ್ವಲ್ಪ ಹೊತ್ತು ಕೂಡಿಸಿ, ಮತ್ತೆ ಊದಿಸಿದಳು. ಅದೇ ಹಣೆಬರಹ.

ನಿಪ್ಪಾಣಿಯ ಡಾಕ್ಟರು ಕಾಗದ ನೋಡಿದರು. "ದಾರಿ ಕಟ್ಟೇತಿ, ಆಯಿ. ಔಷಧ ಜಗ್ಗಿದ್ರೂ ಪೂರಾ ತೆರಿಯೂದಿಲ್ಲ. ವಖಾರಿ ಬಂದ್."

ಮರುದಿನ ಬೆಳಿಗ್ಗೆ ನಾನು ಸೀರೆ ಉಟ್ಟು ವಖಾರಿಗೆ ಹೊರಟೆ. ಸೊಸೆ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

"ಬಾಜೂಕ ಸರಿ ಬೇ," ಎಂದೆ.

ಅವಳು ಸರಿಯಲಿಲ್ಲ. ತಳ್ಳಿದೆ. ಅವಳು ಅಲುಗಲೂ ಇಲ್ಲ, ನಾನೇ ಏದುತ್ತ ಹೊಸ್ತಿಲ ಮೇಲೆ ಕುಳಿತೆ.